ಹಸುವಿಗೆ ಎಣ್ಣೆ ಕುಡಿಸಿದ್ರೆ ಫ್ಯಾಟ್ ಏರುತ್ತಾ? ಹಿಂಡಿ, ಹತ್ತಿಕಾಳು, ಬೈಪಾಸ್ ಫ್ಯಾಟ್: ಯಾವುದು, ಎಷ್ಟು, ಯಾವಾಗ

ತುಮಕೂರು: ಡೈರಿಯಲ್ಲಿ ಫ್ಯಾಟ್ ಕಡಿಮೆ ಬಂತು ಅಂದ್ರೆ ಸಾಲಲ್ಲಿ ನಿಂತವರಿಂದ ಸಿಗೋ ಮೊದಲ ಸಲಹೆ, ‘ದಿನಾ ಒಂದು ಲೋಟ ಎಣ್ಣೆ ಕುಡಿಸು, ಸರಿಯಾಗುತ್ತೆ’. ಕೆಲವರು ಕಡ್ಲೆಕಾಯಿ ಎಣ್ಣೆ ಅಂತಾರೆ, ಕೆಲವರು ಪಾಮ್ ಎಣ್ಣೆ ಅಂತಾರೆ. ಇನ್ನು ಕೆಲವರು ಹೋಟೆಲ್‌ನಲ್ಲಿ ಬೋಂಡ ಕರಿದು ಉಳಿದ ಎಣ್ಣೆಯನ್ನೇ ಕಲಗಚ್ಚಿಗೆ ಸುರಿಯುತ್ತಾರೆ. ಹಾಲಿನ ರೇಟು ನಿಂತಿರೋದು ಫ್ಯಾಟ್ ಮತ್ತು ಎಸ್‌ಎನ್‌ಎಫ್ ಮೇಲೆ. ಹಾಗಾಗಿ ಈ ಸಲಹೆ ಸರಿಯೋ ತಪ್ಪೋ ಅನ್ನೋದು ತಿಂಗಳ ಬಟವಾಡೆಯ ಪ್ರಶ್ನೆ.

ಎಣ್ಣೆ ಅಂಶ ಹಸುವಿಗೆ ಬೇಕು. ಆದರೆ ಹಸಿ ಎಣ್ಣೆಯನ್ನು ಮಿತಿ ಮೀರಿ ಕೊಟ್ಟರೆ ಫ್ಯಾಟ್ ಏರೋ ಬದಲು ಇಳಿಯುತ್ತೆ. ಯಾಕೆ, ಎಷ್ಟು ಕೊಡಬಹುದು, ಅಂಗಡಿಯಲ್ಲಿ ಸಿಗೋ ಯಾವ ಹಿಂಡಿಯಲ್ಲಿ ಎಷ್ಟು ಎಣ್ಣೆ ಇರುತ್ತೆ ಅನ್ನೋ ಪೂರ್ತಿ ಮಾಹಿತಿ ಇಲ್ಲಿದೆ.

ಹಸುವಿನ ಹೊಟ್ಟೆ ನಮ್ಮ ಹೊಟ್ಟೆಯಂತಲ್ಲ

ಹಸುವಿನ ಹೊಟ್ಟೆಯಲ್ಲಿ ನಾಲ್ಕು ಭಾಗ. ಅದರಲ್ಲಿ ಮೊದಲನೆಯ ದೊಡ್ಡ ಹೊಟ್ಟೆಯನ್ನು ರೂಮೆನ್ ಅಂತಾರೆ. ದೊಡ್ಡ ಸೀಮೆಹಸುವಿನ ರೂಮೆನ್‌ನಲ್ಲಿ ನೂರು ಲೀಟರಿಗೂ ಹೆಚ್ಚು ಜಾಗ ಇರುತ್ತೆ. ಅಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ವಾಸ ಮಾಡುತ್ತವೆ. ರಾಗಿಹುಲ್ಲು, ಜೋಳದ ಕಡ್ಡಿ, ನೇಪಿಯರ್ ಹುಲ್ಲಿನ ನಾರನ್ನು ಹಸು ತಾನೇ ಜೀರ್ಣ ಮಾಡಿಕೊಳ್ಳಲ್ಲ. ಆ ಕೆಲಸ ಮಾಡೋದು ಈ ಜೀವಿಗಳು.

ನಾರು ಕೊಳೆತಾಗ ಅಸಿಟಿಕ್ ಆಮ್ಲ ಹುಟ್ಟುತ್ತೆ. ಅದು ರಕ್ತಕ್ಕೆ ಸೇರಿ ಕೆಚ್ಚಲಿಗೆ ಹೋಗುತ್ತೆ. ಹಾಲಿನ ಕೊಬ್ಬಿನಲ್ಲಿ ಸುಮಾರು ಅರ್ಧ ಭಾಗ ಕೆಚ್ಚಲಿನಲ್ಲೇ ತಯಾರಾಗುತ್ತೆ. ಅದಕ್ಕೆ ಮುಖ್ಯ ಕಚ್ಚಾ ಸಾಮಗ್ರಿ ಇದೇ ಅಸಿಟಿಕ್ ಆಮ್ಲ. ಉಳಿದರ್ಧ, ಮೇವಿನಲ್ಲಿರೋ ಎಣ್ಣೆ ಮತ್ತು ಹಸುವಿನ ಮೈಯಲ್ಲಿರೋ ಕೊಬ್ಬಿನಿಂದ ಬರುತ್ತೆ. ಅಂದ್ರೆ ಫ್ಯಾಟಿನ ಅರ್ಧ ಪಾಲು ಒಣಹುಲ್ಲಿನ ಕೊಡುಗೆ.

ಎಣ್ಣೆ ಹೆಚ್ಚಾದರೆ ಫ್ಯಾಟ್ ಇಳಿಯೋದು ಯಾಕೆ?

ಇದಕ್ಕೆ ಎರಡು ಕಾರಣ.

ಒಂದು: ಎಣ್ಣೆ ಹುಲ್ಲಿನ ಚೂರುಗಳ ಮೇಲೆ ಪದರದಂತೆ ಕೂರುತ್ತೆ. ನಾರು ಕರಗಿಸೋ ಸೂಕ್ಷ್ಮಜೀವಿಗಳಿಗೂ ಅದು ಆಗಿಬರಲ್ಲ. ಆಗ ನಾರು ಸರಿಯಾಗಿ ಜೀರ್ಣವಾಗಲ್ಲ, ಅಸಿಟಿಕ್ ಆಮ್ಲ ಕಡಿಮೆಯಾಗುತ್ತೆ.

ಎರಡು: ಸೂರ್ಯಕಾಂತಿ, ಸೋಯಾ, ಮೆಕ್ಕೆಜೋಳದಂಥ ಎಣ್ಣೆಗಳು ತೆಳು. ಅವುಗಳಲ್ಲಿ ಅಪರ್ಯಾಪ್ತ ಕೊಬ್ಬಿನಾಮ್ಲ ಜಾಸ್ತಿ. ರೂಮೆನ್‌ನ ಜೀವಿಗಳು ಇವನ್ನು ಗಟ್ಟಿ ಕೊಬ್ಬಾಗಿ ಬದಲಾಯಿಸುತ್ತವೆ. ದಾಣಿ ಹೆಚ್ಚು, ಒಣಮೇವು ಕಡಿಮೆ ಇರೋ ಹಸುವಿನಲ್ಲಿ ಈ ಬದಲಾವಣೆ ದಾರಿ ತಪ್ಪಿ, ನಡುವೆ ಟ್ರಾನ್ಸ್-10, ಸಿಸ್-12 ಸಿಎಲ್‌ಎ ಅನ್ನೋ ವಸ್ತು ಹುಟ್ಟುತ್ತೆ. ಇದು ಕೆಲವೇ ಗ್ರಾಂ ಕೆಚ್ಚಲಿಗೆ ತಲುಪಿದರೂ ಸಾಕು, ಅಲ್ಲಿ ಕೊಬ್ಬು ತಯಾರಾಗೋ ಕೆಲಸವೇ ಕುಂಠಿತವಾಗುತ್ತೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಡೇಲ್ ಬೌಮನ್ ಅವರ ತಂಡ 2000ರ ಸುಮಾರಿಗೆ ಇದನ್ನು ತೋರಿಸಿಕೊಟ್ಟಿತು.

ಹಾಗಾಗಿ ‘ಎಣ್ಣೆ ಕೊಟ್ಟೆ, ಹಾಲೇನೋ ಸ್ವಲ್ಪ ಏರ್ತು, ಫ್ಯಾಟ್ ಮಾತ್ರ ಬಿತ್ತು’ ಅಂತ ರೈತರು ಹೇಳೋದರಲ್ಲಿ ಸುಳ್ಳೇನಿಲ್ಲ. ಹಾಲಿನ ಪ್ರೋಟೀನ್ ಅಂಶವೂ ಸ್ವಲ್ಪ ತೆಳುವಾಗೋದರಿಂದ ಎಸ್‌ಎನ್‌ಎಫ್‌ಗೂ ಪೆಟ್ಟು ಬೀಳಬಹುದು.

ಹಾಗಾದ್ರೆ ಎಣ್ಣೆ ಅಂಶ ಬೇಡವೇ?

ಬೇಕು. ಒಂದು ಗ್ರಾಂ ಹಿಟ್ಟಿನ ಪದಾರ್ಥದಿಂದ ಸುಮಾರು 4 ಕ್ಯಾಲರಿ ಸಿಕ್ಕರೆ ಒಂದು ಗ್ರಾಂ ಎಣ್ಣೆಯಿಂದ 9 ಕ್ಯಾಲರಿ ಸಿಗುತ್ತೆ. ಕರು ಹಾಕಿದ ಮೊದಲ ಎರಡು-ಮೂರು ತಿಂಗಳು ಹಾಲು ಏರುತ್ತಾ ಹೋಗುತ್ತೆ, ಹಸು ತಿನ್ನೋದು ಮಾತ್ರ ಅಷ್ಟು ಬೇಗ ಏರಲ್ಲ. ಆ ಕೊರತೆ ತುಂಬಲು ಹಸು ತನ್ನ ಮೈ ಕರಗಿಸುತ್ತೆ. ಪಕ್ಕೆಲುಬು ಕಾಣುತ್ತೆ, ಬೆದೆಗೆ ಬರೋದು ತಡವಾಗುತ್ತೆ, ಗಬ್ಬ ನಿಲ್ಲಲ್ಲ, ಕೆಲವಕ್ಕೆ ಕೀಟೋಸಿಸ್ ಕಾಯಿಲೆ ಬರುತ್ತೆ. ಈ ಸಮಯದಲ್ಲಿ ಹೊಟ್ಟೆ ಕೆಡಿಸದ ರೂಪದಲ್ಲಿ ಎಣ್ಣೆ ಅಂಶ ಸಿಕ್ಕರೆ ಹಸುವಿಗೆ ದೊಡ್ಡ ಆಸರೆ.

ಮಿತಿ ಎಷ್ಟು? ಒಂದು ಲೆಕ್ಕ

ಹಸು ದಿನಕ್ಕೆ ತಿನ್ನೋ ಒಟ್ಟು ಒಣ ಪದಾರ್ಥದಲ್ಲಿ, ಅಂದ್ರೆ ನೀರಿನಂಶ ಕಳೆದ ತೂಕದಲ್ಲಿ, ಎಲ್ಲಾ ಸೇರಿ ಎಣ್ಣೆ ಅಂಶ ಶೇ 6 ದಾಟಬಾರದು. ಹೆಚ್ಚೆಂದರೆ ಶೇ 7. ಹುಲ್ಲು, ಮೇವು, ಫೀಡ್‌ನಿಂದಲೇ ಶೇ 2ರಿಂದ 3 ಸಿಕ್ಕಿರುತ್ತೆ. ಮೇಲಿಂದ ಹಸಿ ಎಣ್ಣೆ ಅಥವಾ ಎಣ್ಣೆಕಾಳಿನ ಮೂಲಕ ಇನ್ನು ಶೇ 2ರಿಂದ 3ಕ್ಕಿಂತ ಹೆಚ್ಚು ಸೇರಿಸಬಾರದು.

ದಿನಕ್ಕೆ 15 ಲೀಟರ್ ಕೊಡೋ, ಸುಮಾರು 450 ಕೆ.ಜಿ. ತೂಗೋ ಮಿಶ್ರತಳಿ ಹಸುವಿನ ಅಂದಾಜು ಲೆಕ್ಕ ಹೀಗಿದೆ:

- ಒಣಹುಲ್ಲು 5 ಕೆ.ಜಿ. – ಎಣ್ಣೆ ಅಂಶ ಸುಮಾರು 70 ಗ್ರಾಂ
- ಹಸಿಮೇವು 20 ಕೆ.ಜಿ. – ಸುಮಾರು 100 ಗ್ರಾಂ
- ಪಶು ಆಹಾರ 3 ಕೆ.ಜಿ. – ಸುಮಾರು 90 ಗ್ರಾಂ
- ಹತ್ತಿಕಾಳು 2 ಕೆ.ಜಿ. – ಸುಮಾರು 360 ಗ್ರಾಂ

ಇಷ್ಟಕ್ಕೇ 620 ಗ್ರಾಂ ಆಯಿತು. ಒಟ್ಟು ಒಣ ಪದಾರ್ಥ ಸುಮಾರು 13 ಕೆ.ಜಿ. ಆದ್ದರಿಂದ ಎಣ್ಣೆ ಅಂಶ ಶೇ 4.8. ಇದರ ಮೇಲೆ ಗಾಣದ ಕೊಬ್ಬರಿ ಹಿಂಡಿ 1 ಕೆ.ಜಿ. ಹಾಕಿದರೆ ಇನ್ನೊಂದು 100 ಗ್ರಾಂ. ಆಗ ಶೇ 5ರ ಮೇಲಾಯಿತು. ಆಮೇಲೆ ಅರ್ಧ ಲೋಟ, ಅಂದ್ರೆ 100 ಮಿ.ಲೀ. ಎಣ್ಣೆ ಕುಡಿಸಿದರೆ ಶೇ 6ರ ಹತ್ತಿರ ಬಂದು ನಿಂತಿತು. ಹತ್ತಿಕಾಳು ಹಾಕೋ ಮನೆಯಲ್ಲಿ ಎಣ್ಣೆ ಬಾಟಲಿಗೆ ಜಾಗವೇ ಇಲ್ಲ ಅನ್ನೋದು ಈ ಲೆಕ್ಕದಿಂದ ಗೊತ್ತಾಗುತ್ತೆ.

ಯಾವ ಎಣ್ಣೆಯ ಗುಣ ಏನು?

*ಸೂರ್ಯಕಾಂತಿ, ಸೋಯಾ, ಮೆಕ್ಕೆಜೋಳ:* ಅರ್ಧಕ್ಕಿಂತ ಹೆಚ್ಚು ಲಿನೋಲಿಕ್ ಆಮ್ಲ. ಫ್ಯಾಟ್ ಇಳಿಸೋದರಲ್ಲಿ ಇವೇ ಮುಂದೆ.

*ಕಡ್ಲೆಕಾಯಿ ಎಣ್ಣೆ:* ಓಲಿಕ್ ಆಮ್ಲ ಹೆಚ್ಚು, ಲಿನೋಲಿಕ್ ಅದಕ್ಕಿಂತ ಕಡಿಮೆ. ಮಿತಿಯ ನಿಯಮ ಇದಕ್ಕೂ ಒಂದೇ. ಮನುಷ್ಯರು ತಿನ್ನೋ ದುಬಾರಿ ಎಣ್ಣೆಯನ್ನು ಹಸುವಿಗೆ ಸುರಿಯೋದು ಲಾಭದ ಮಾತಲ್ಲ.

*ಕೊಬ್ಬರಿ ಎಣ್ಣೆ:* ಗಟ್ಟಿ ಕೊಬ್ಬು ಶೇ 90ರಷ್ಟಿದ್ದರೂ ಅರ್ಧದಷ್ಟು ಲಾರಿಕ್ ಆಮ್ಲ. ಇದು ರೂಮೆನ್‌ನ ಜೀವಿಗಳನ್ನು ನೇರವಾಗಿ ಕೊಲ್ಲುತ್ತೆ. ಹೆಚ್ಚಾದರೆ ಹಸು ಮೇವು ಬಿಡುತ್ತೆ.

*ಪಾಮ್ ಎಣ್ಣೆ:* ಸುಮಾರು ಅರ್ಧ ಗಟ್ಟಿ ಕೊಬ್ಬು, ಅದರಲ್ಲಿ ಪಾಮಿಟಿಕ್ ಆಮ್ಲ ಮುಖ್ಯ. ಬೈಪಾಸ್ ಫ್ಯಾಟ್ ತಯಾರಾಗೋದು ಹೆಚ್ಚಾಗಿ ಇದರಿಂದಲೇ.

*ಅಗಸೆ ಎಣ್ಣೆ:* ಒಮೆಗಾ-3 ಬಗೆಯ ಲಿನೋಲೆನಿಕ್ ಆಮ್ಲ ಅರ್ಧದಷ್ಟು. ಹೊಟ್ಟೆಯಲ್ಲಿ ಹುಟ್ಟೋ ಮಿಥೇನ್ ಅನಿಲ ತಗ್ಗಿಸುತ್ತೆ ಅಂತ ಹಲವು ದೇಶಗಳಲ್ಲಿ ಇದನ್ನು ಪರೀಕ್ಷಿಸಿದ್ದಾರೆ. ಮೇವಿನಲ್ಲಿ ಎಣ್ಣೆ ಶೇ 1ರಷ್ಟು ಏರಿದರೆ ಮಿಥೇನ್ ಸುಮಾರು ಶೇ 4–5ರಷ್ಟು ಇಳಿಯುತ್ತೆ. ಆದರೆ ಮಿತಿಯ ನಿಯಮದಿಂದ ಅಗಸೆಗೂ ವಿನಾಯಿತಿ ಇಲ್ಲ.

ಹಿಂಡಿಗಳಲ್ಲಿ ಎಣ್ಣೆ ಎಷ್ಟು?

ಜಿಲ್ಲೆಯಲ್ಲಿ ಇದಕ್ಕೆ ಕೊರತೆ ಇಲ್ಲ. ತಿಪಟೂರು ಕೊಬ್ಬರಿಯ ದೊಡ್ಡ ಮಾರುಕಟ್ಟೆ. ಪಾವಗಡ, ಶಿರಾ, ಮಧುಗಿರಿ ಕಡೆ ಕಡ್ಲೆಕಾಯಿ. ಆದರೆ ‘ಹಿಂಡಿ’ ಅಂತ ಒಂದೇ ಹೆಸರಿದ್ದರೂ ಎಣ್ಣೆ ತೆಗೆದ ರೀತಿಯ ಮೇಲೆ ಒಳಗಿನ ಸರಕು ಬೇರೆ.

- ಗಾಣದ ಹಿಂಡಿ: ಎಣ್ಣೆ ಶೇ 10 ಅಥವಾ ಅದಕ್ಕೂ ಹೆಚ್ಚು ಉಳಿದಿರುತ್ತೆ.
- ಎಕ್ಸ್‌ಪೆಲ್ಲರ್ ಮಿಲ್ಲಿನ ಹಿಂಡಿ: ಸುಮಾರು ಶೇ 6ರಿಂದ 8.
- ಸಾಲ್ವೆಂಟ್ ಹಾಕಿ ಎಣ್ಣೆ ತೆಗೆದ ಹಿಂಡಿ: ಶೇ 1ರ ಆಸುಪಾಸು. ಪ್ರೋಟೀನ್ ಹೆಚ್ಚು, ಎಣ್ಣೆ ಇಲ್ಲವೇ ಇಲ್ಲ ಅನ್ನಬಹುದು.
- ಇಡೀ ಹತ್ತಿಕಾಳು, ಸೋಯಾ ಕಾಳು: ಶೇ 18ರಿಂದ 20.
- ಎಣ್ಣೆ ತೆಗೆಯದ ಅಕ್ಕಿ ತೌಡು: ಶೇ 12ರಿಂದ 18. ಎಣ್ಣೆ ತೆಗೆದ ತೌಡಿನಲ್ಲಿ ಶೇ 1ರಷ್ಟು.

ಹತ್ತಿಕಾಳಿಗೆ ಒಂದು ಅನುಕೂಲ ಇದೆ. ಎಣ್ಣೆ ಕಾಳಿನ ಒಳಗೇ ಇರೋದರಿಂದ ಹಸು ಮೆಲುಕು ಹಾಕಿದಂತೆಲ್ಲಾ ನಿಧಾನವಾಗಿ ಬಿಡುಗಡೆಯಾಗುತ್ತೆ. ಮೇಲಿನ ಸಿಪ್ಪೆ, ಅರಳೆಯಿಂದ ನಾರೂ ಸಿಗುತ್ತೆ. ಹಾಗಾಗಿ ಬಾಟಲಿ ಎಣ್ಣೆಗಿಂತ ಇದು ಮೇಲು. ಆದರೆ ಇದರಲ್ಲಿ ಗಾಸಿಪಾಲ್ ಅನ್ನೋ ವಿಷದ ಅಂಶ ಇದೆ. ದೊಡ್ಡ ಹಸುವಿಗೆ ದಿನಕ್ಕೆ 2 ಕೆ.ಜಿ. ಮೇಲೆ ಬೇಡ. ಎಳೆಗರುಗಳಿಗೆ, ಬಿತ್ತನೆ ಹೋರಿಗಳಿಗೆ ಕೊಡಲೇಬಾರದು.

ಕಡ್ಲೆಕಾಯಿ ಹಿಂಡಿಯಲ್ಲಿ ಬೂಷ್ಟಿನ ಭಯ. ತೇವ ತಗುಲಿದ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ವಿಷ ಬೆಳೆಯುತ್ತೆ. ಹಸು ತಿಂದರೆ ಅದು ಎಂ1 ರೂಪದಲ್ಲಿ ಹಾಲಿಗೆ ಬರುತ್ತೆ, ಕಾಯಿಸಿದರೂ ಹೋಗಲ್ಲ. ಹಾಲಿನಲ್ಲಿ ಇದು ಕೆ.ಜಿ.ಗೆ 0.5 ಮೈಕ್ರೋಗ್ರಾಂ ದಾಟಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಇದೆ. ಬೂಷ್ಟು ಹಿಡಿದ ಹಿಂಡಿಯನ್ನು ಬಿಸಿಲಿಗೆ ಹಾಕಿ, ಕೆರೆದು ಕೊಡೋದು ಪರಿಹಾರವಲ್ಲ. ಎಸೆಯೋದೇ ಸರಿ.

ಇವನ್ನು ಕೊಡಲೇಬೇಡಿ

ಹರಳು ಹಿಂಡಿಯಲ್ಲಿ ರೈಸಿನ್ ಅನ್ನೋ ಕಡುವಿಷ ಇದೆ. ಹೊಂಗೆ, ಬೇವು, ಹಿಪ್ಪೆ ಹಿಂಡಿಗಳು ಹೊಲದ ಗೊಬ್ಬರಕ್ಕೆ ಮಾತ್ರ. ಗೊಬ್ಬರದ ಹಿಂಡಿಯನ್ನೂ ದನದ ಹಿಂಡಿಯನ್ನೂ ಒಂದೇ ಕೋಣೆಯಲ್ಲಿ ಇಡೋ ಅಂಗಡಿಗಳಲ್ಲಿ ಚೀಲ ಅದಲುಬದಲಾದರೆ ಹಸುವಿನ ಜೀವಕ್ಕೇ ಕುತ್ತು.

ಕರಿದ ಎಣ್ಣೆಯೂ ಬೇಡ. ಪದೇಪದೇ ಕಾಯಿಸಿದ ಎಣ್ಣೆಯಲ್ಲಿ ಕೆಟ್ಟ ಸಂಯುಕ್ತಗಳು ತುಂಬಿರುತ್ತವೆ. ಒಟ್ಟು ಪೋಲಾರ್ ಸಂಯುಕ್ತ ಶೇ 25 ದಾಟಿದ ಎಣ್ಣೆಯನ್ನು ಅಡುಗೆಗೆ ಬಳಸಬಾರದು ಅನ್ನೋ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಮನುಷ್ಯರಿಗೆ ಬೇಡವಾದದ್ದು ಹಸುವಿನ ಮೂಲಕ ಸುತ್ತಿಕೊಂಡು ಬರೋದು ಯಾರಿಗೂ ಒಳ್ಳೆಯದಲ್ಲ.

ಬೈಪಾಸ್ ಫ್ಯಾಟ್ ಅಂದ್ರೇನು?

ಹೆಸರೇ ಹೇಳುವಂತೆ, ರೂಮೆನ್‌ಗೆ ತೊಂದರೆ ಕೊಡದೆ ಮುಂದೆ ದಾಟಿ ಹೋಗೋ ಕೊಬ್ಬು. ಪಾಮ್ ಎಣ್ಣೆಯ ಕೊಬ್ಬಿನಾಮ್ಲಕ್ಕೆ ಕ್ಯಾಲ್ಸಿಯಂ ಸೇರಿಸಿದರೆ ಸೋಪಿನಂಥ ಪುಡಿಯಾಗುತ್ತೆ. ರೂಮೆನ್‌ನಲ್ಲಿ ಅದು ಹೆಚ್ಚಾಗಿ ಕರಗಲ್ಲ. ನಾಲ್ಕನೇ ಹೊಟ್ಟೆಯಲ್ಲಿ ಹುಳಿ ಜಾಸ್ತಿ, ಅಲ್ಲಿ ಬಿಡಿಯಾಗಿ ಕರುಳಿನಲ್ಲಿ ಜೀರ್ಣವಾಗುತ್ತೆ. 1980ರ ದಶಕದ ಆರಂಭದಲ್ಲಿ ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಡೊನಾಲ್ಡ್ ಪಾಮ್‌ಕ್ವಿಸ್ಟ್ ಮತ್ತು ಥಾಮಸ್ ಜೆಂಕಿನ್ಸ್ ಈ ವಿಧಾನವನ್ನು ಬೆಳೆಸಿದರು.

ಅಂಗಡಿಯಲ್ಲಿ ಎರಡು ಬಗೆ ಸಿಗುತ್ತೆ. ಕ್ಯಾಲ್ಸಿಯಂ ಸೇರಿದ ಪುಡಿಯಲ್ಲಿ ಕೊಬ್ಬು ಸುಮಾರು ಶೇ 84, ಕ್ಯಾಲ್ಸಿಯಂ ಶೇ 9ರಷ್ಟು. ಇನ್ನೊಂದು ಸಣ್ಣ ಮಣಿಗಳಂತೆ ಇರುತ್ತೆ, ಶೇ 99ರಷ್ಟು ಕೊಬ್ಬು. ಮಣಿಯ ಬಗೆಯಲ್ಲಿ ಪಾಮಿಟಿಕ್ ಆಮ್ಲ ಹೆಚ್ಚಿದ್ದರೆ ಫ್ಯಾಟ್ ಏರೋದಕ್ಕೆ ಅದು ಹೆಚ್ಚು ಸಹಾಯಕ.

*ಯಾರಿಗೆ, ಎಷ್ಟು?* ದಿನಕ್ಕೆ 12–15 ಲೀಟರಿಗಿಂತ ಹೆಚ್ಚು ಕೊಡೋ ಹಸುಗಳಿಗೆ, ಕರು ಹಾಕೋ ಸುಮಾರು 10 ದಿನ ಮೊದಲಿಂದ ಕರು ಹಾಕಿ 90 ದಿನಗಳವರೆಗೆ, ದಿನಕ್ಕೆ 100ರಿಂದ 200 ಗ್ರಾಂ. ಎರಡು ಹೊತ್ತಿಗೆ ಹಂಚಿ, ದಾಣಿಯಲ್ಲಿ ಬೆರೆಸಿ ಕೊಡಬೇಕು. ಸೋಪಿನ ವಾಸನೆಗೆ ಕೆಲವು ಹಸು ಮೂತಿ ತಿರುಗಿಸುತ್ತವೆ. ಆದ್ದರಿಂದ 50 ಗ್ರಾಂನಿಂದ ಶುರುಮಾಡಿ ವಾರದಲ್ಲಿ ಏರಿಸಿ. 6–7 ಲೀಟರ್ ಕೊಡೋ ಹಸುವಿಗೆ ಇದು ದಂಡದ ಖರ್ಚು. ಅದಕ್ಕೆ ಒಳ್ಳೆಯ ಹಸಿಮೇವು, ಖನಿಜ ಮಿಶ್ರಣ ಸಾಕು.

*ಗಿಟ್ಟುತ್ತಾ?* ಲೆಕ್ಕಕ್ಕೆ ಕೆ.ಜಿ.ಗೆ 150 ರೂಪಾಯಿ ಅಂದುಕೊಳ್ಳಿ. 150 ಗ್ರಾಂಗೆ 22.50 ರೂಪಾಯಿ. ಹಾಲಿಗೆ ಲೀಟರಿಗೆ 35 ರೂಪಾಯಿ ಸಿಗುತ್ತೆ ಅಂದುಕೊಂಡರೆ, ದಿನಕ್ಕೆ ಸುಮಾರು 650 ಮಿ.ಲೀ. ಹಾಲು ಹೆಚ್ಚಾದರೆ ಮಾತ್ರ ಖರ್ಚು ಹುಟ್ಟಿತು. ನಿಮ್ಮೂರಿನ ರೇಟು ಹಾಕಿ ನೀವೇ ಲೆಕ್ಕ ಮಾಡಿ. ಹದಿನೈದು ದಿನ ಕೊಟ್ಟು ಡೈರಿ ಪುಸ್ತಕದ ಲೀಟರ್, ಫ್ಯಾಟ್ ಎರಡನ್ನೂ ಹಿಂದಿನ ಹದಿನೈದು ದಿನದ ಜೊತೆ ಹೋಲಿಸಿದರೆ ನಿಜ ಗೊತ್ತಾಗುತ್ತೆ. ಹಸು ಬೇಗ ಬೆದೆಗೆ ಬಂದು ಗಬ್ಬ ನಿಂತರೆ ಅದೂ ಲಾಭವೇ.

ಎಣ್ಣೆ ಅಂಶ ಹೆಚ್ಚಿಸಿದಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಮೈಗೆ ಹತ್ತೋದು ಕಡಿಮೆಯಾಗುತ್ತೆ. ಹಾಗಾಗಿ ಖನಿಜ ಮಿಶ್ರಣ ತಪ್ಪಿಸಬಾರದು.

ಹೊಟ್ಟೆ ಉಬ್ಬರಕ್ಕೆ ಎಣ್ಣೆ: ಅದು ಔಷಧಿ, ಮೇವಲ್ಲ

ಎಳೆ ಕುದುರೆಮಸಾಲೆ, ಹಸಿ ಅಲಸಂದೆ ಜಾಸ್ತಿ ತಿಂದು ನೊರೆಯಿಂದ ಹೊಟ್ಟೆ ಉಬ್ಬಿದಾಗ 250ರಿಂದ 500 ಮಿ.ಲೀ. ಅಡುಗೆ ಎಣ್ಣೆ ಕುಡಿಸೋದು ಹಳೆಯ, ಸರಿಯಾದ ಪದ್ಧತಿ. ಎಣ್ಣೆ ನೊರೆಯನ್ನು ಒಡೆಯುತ್ತೆ. ಅದು ತುರ್ತಿಗೆ ಒಂದು ಸಲ ಮಾತ್ರ. ಇದೇ ಅಳತೆಯನ್ನು ದಿನಾ ಕೊಟ್ಟರೆ ರೂಮೆನ್ ಕೆಡುತ್ತೆ.

ಗೊಟ್ಟ ಹಾಕುವಾಗ ಹುಷಾರಾಗಿರಬೇಕು. ತಲೆಯನ್ನು ತೀರಾ ಮೇಲೆತ್ತಿ, ನಾಲಿಗೆ ಎಳೆದು ಹಿಡಿದು ಎಣ್ಣೆ ಸುರಿದರೆ ಶ್ವಾಸಕೋಶಕ್ಕೆ ಇಳಿಯುತ್ತೆ. ಅದರಿಂದ ಬರೋ ನ್ಯುಮೋನಿಯಾ ಹಸುವನ್ನೇ ತೆಗೆದುಕೊಂಡು ಹೋಗಬಹುದು. ಕೆಮ್ಮಿದ ಕೂಡಲೇ ನಿಲ್ಲಿಸಿ, ತಲೆ ಬಿಡಿ. ಉಬ್ಬರ ಇಳಿಯದಿದ್ದರೆ ಕಾಯಬೇಡಿ. ಪಶು ಆಸ್ಪತ್ರೆಗೆ ಅಥವಾ 1962 ಸಹಾಯವಾಣಿಗೆ ಫೋನ್ ಮಾಡಿ.

ಮೇವಿನ ಎಣ್ಣೆ ಬೆಣ್ಣೆ, ತುಪ್ಪದಲ್ಲೂ ಕಾಣುತ್ತೆ

2021ರ ಫೆಬ್ರುವರಿಯಲ್ಲಿ ಕೆನಡಾದಲ್ಲಿ ‘ಬೆಣ್ಣೆ ಹೊರಗಿಟ್ಟರೂ ಮೆತ್ತಗಾಗ್ತಿಲ್ಲ’ ಅಂತ ಜನ ದೂರಿದರು. ಹಸುಗಳಿಗೆ ಪಾಮ್ ಕೊಬ್ಬು ಹೆಚ್ಚಾಗಿ ಕೊಡೋದೇ ಕಾರಣ ಇರಬಹುದು ಅನ್ನೋ ಚರ್ಚೆ ಎದ್ದಿತು. ಅಲ್ಲಿನ ಹೈನುಗಾರರ ಸಂಘ ಪಾಮ್ ಬದಲು ಬೇರೆ ದಾರಿ ನೋಡಿ ಅಂತ ರೈತರನ್ನು ಕೇಳಿಕೊಂಡಿತು.

ನಮ್ಮ ದೇಶದಲ್ಲೂ ಇದು ಹೊಸದಲ್ಲ. ಹತ್ತಿಕಾಳು ಹೆಚ್ಚು ತಿನ್ನಿಸೋ ಪ್ರದೇಶದ ತುಪ್ಪದ ಗುಣ ಬೇರೆ ಬರುತ್ತೆ ಅಂತ ಹಳೆಯ ಕಲಬೆರಕೆ ತಡೆ ನಿಯಮಗಳಲ್ಲೇ ಗುಜರಾತ್, ಮಹಾರಾಷ್ಟ್ರ, ಮಧ್ಯಪ್ರದೇಶದ ‘ಹತ್ತಿ ಪ್ರದೇಶ’ಗಳಿಗೆ ಪ್ರತ್ಯೇಕ ಅಳತೆ ಇಟ್ಟಿದ್ದರು.

ಹಸುವಿಗೆ ಎಣ್ಣೆ ಅಂಶ ತಿನ್ನಿಸೋದು ಪೋಷಣೆ. ಹಾಲಿನ ಕ್ಯಾನಿಗೆ ಎಣ್ಣೆ ಬೆರೆಸೋದು ಅಪರಾಧ. ಆಹಾರ ಸುರಕ್ಷತಾ ಕಾಯ್ದೆ 2006ರ ಪ್ರಕಾರ ಅದಕ್ಕೆ ಶಿಕ್ಷೆ ಇದೆ.

ಅಂಗಡಿಯವರು ಗಮನಿಸಬೇಕಾದ್ದು

- ಹಿಂಡಿ ಗಾಣದ್ದೋ, ಎಕ್ಸ್‌ಪೆಲ್ಲರಿನದೋ, ಎಣ್ಣೆ ತೆಗೆದದ್ದೋ ಅಂತ ಗಿರಾಕಿಗೆ ಹೇಳಿ ಮಾರಿ. ಬೆಲೆ ವ್ಯತ್ಯಾಸಕ್ಕೆ ಕಾರಣವೂ ಅವರಿಗೆ ಅರ್ಥವಾಗುತ್ತೆ.
- ಪಶು ಆಹಾರದ ಚೀಲದ ಮೇಲೆ ಪ್ರೋಟೀನ್, ಕೊಬ್ಬು, ನಾರಿನ ಶೇಕಡಾವಾರು, ತಯಾರಾದ ದಿನಾಂಕ ಇದೆಯೇ ನೋಡಿ. ಇದಕ್ಕೆ ಐಎಸ್ 2052 ಅನ್ನೋ ಮಾನದಂಡ ಇದೆ.
- ಎಣ್ಣೆ ಇರೋ ತೌಡು ಬೇಗ ಕಮಟು ವಾಸನೆ ಹಿಡಿಯುತ್ತೆ. ವಾರಗಟ್ಟಲೆ ದಾಸ್ತಾನು ಬೇಡ.
- ಚೀಲಗಳನ್ನು ಗೋಡೆಗೆ ತಾಗಿಸದೆ ಹಲಗೆ ಮೇಲಿಡಿ. ಮಳೆಗಾಲದಲ್ಲಿ ಹಿಂಡಿ ಚೀಲವನ್ನು ಒಂದು ಸಲ ಒಡೆದು ನೋಡಿ.
- ಗೊಬ್ಬರದ ಹಿಂಡಿಗೆ ಬೇರೆ ಜಾಗ, ಬೇರೆ ತಕ್ಕಡಿ ಇರಲಿ.
- ಬೈಪಾಸ್ ಫ್ಯಾಟನ್ನು ಬಿಡಿಯಾಗಿ, ಹೆಸರಿಲ್ಲದ ಕವರಿನಲ್ಲಿ ಮಾರಬೇಡಿ, ಕೊಳ್ಳಲೂ ಬೇಡಿ.

ಫ್ಯಾಟ್ ಕಡಿಮೆ ಬಂತಾ? ಎಣ್ಣೆಗೆ ಮೊದಲು ಇದನ್ನು ನೋಡಿ

1. ಒಣಹುಲ್ಲು ಸಾಕಷ್ಟಿದೆಯೇ? ಬರೀ ಹಸಿಮೇವು, ಫೀಡ್ ಮೇಲೆ ನಿಂತ ಹಸುವಿನ ಫ್ಯಾಟ್ ಇಳಿಯೋದು ಸಹಜ. ಹುಲ್ಲನ್ನು ತೀರಾ ಸಣ್ಣಗೆ ಕತ್ತರಿಸಿದರೂ ಮೆಲುಕು ಕಡಿಮೆಯಾಗುತ್ತೆ.
2. ಪೂರ್ತಿ ಹಾಲು ಕರೆದಿರಾ? ಮೊದಲ ಹಾಲು ತೆಳು, ಕೊನೆಯ ಹಾಲಿನಲ್ಲೇ ಕೊಬ್ಬು ಹೆಚ್ಚು. ಕೊನೆಯದನ್ನು ಕರುವಿಗೆ ಬಿಟ್ಟರೆ ಫ್ಯಾಟನ್ನೂ ಬಿಟ್ಟಂತೆ.
3. ಎರಡು ಹೊತ್ತಿನ ಅಂತರ ಎಷ್ಟು? ಅಂತರ ಹೆಚ್ಚಾದ ಹೊತ್ತಿನ ಹಾಲಿನಲ್ಲಿ ಫ್ಯಾಟ್ ಕಡಿಮೆ. ಬೆಳಿಗ್ಗೆ-ಸಂಜೆ ವ್ಯತ್ಯಾಸ ಇದರಿಂದಲೇ.
4. ತಳಿ ಯಾವುದು? ಎಚ್‌ಎಫ್ ಹಸುವಿಗೆ ಶೇ 3.5ರ ಆಸುಪಾಸು, ಜರ್ಸಿಗೆ ಶೇ 4.5–5, ಎಮ್ಮೆಗೆ ಶೇ 6–7 ಸಾಮಾನ್ಯ. ಎಚ್‌ಎಫ್‌ನಿಂದ ಜರ್ಸಿಯ ಫ್ಯಾಟ್ ಬರಲ್ಲ. ಹಸುವಿನ ಹಾಲಿಗೆ ಕಾನೂನು ಕೇಳೋ ಕನಿಷ್ಠ ಮಟ್ಟ ಫ್ಯಾಟ್ ಶೇ 3.2, ಎಸ್‌ಎನ್‌ಎಫ್ ಶೇ 8.3.
5. ಸಗಣಿ ಹೇಗಿದೆ? ನೀರಾಗಿ, ಜಿಡ್ಡು ಹೊಳಪಿದ್ದು, ಜೀರ್ಣವಾಗದ ಹುಲ್ಲಿನ ಎಳೆ ಕಂಡರೆ ಎಣ್ಣೆ ಜಾಸ್ತಿಯಾಗಿದೆ ಅಂತ ಅನುಮಾನಿಸಬೇಕು. ಮಲಗಿದ ಹಸುಗಳಲ್ಲಿ ಅರ್ಧಕ್ಕಿಂತ ಕಡಿಮೆ ಮೆಲುಕು ಹಾಕುತ್ತಿದ್ದರೂ ಅದೇ ಸೂಚನೆ.

ಈಗಾಗಲೇ ಎಣ್ಣೆ ಕೊಟ್ಟು ಫ್ಯಾಟ್ ಬಿದ್ದಿದ್ದರೆ ಗಾಬರಿ ಬೇಡ. ಎಣ್ಣೆ ನಿಲ್ಲಿಸಿ, ಹತ್ತಿಕಾಳು ಅರ್ಧ ಮಾಡಿ, ಒಣಹುಲ್ಲು ಹೆಚ್ಚಿಸಿ. ರೂಮೆನ್ ಸರಿಹೋಗಿ ಫ್ಯಾಟ್ ಮೊದಲಿನಂತಾಗಲು ಎರಡು-ಮೂರು ವಾರ ಹಿಡಿಯುತ್ತೆ. ಮೂರೇ ದಿನಕ್ಕೆ ಫಲ ಕಾಣಲಿಲ್ಲ ಅಂತ ಮತ್ತೊಂದು ಬಾಟಲಿ ಹಿಡಿಯಬೇಡಿ.

ಮೇವಿನ ಪಟ್ಟಿ ಹಾಕಿಸಿಕೊಳ್ಳಬೇಕು ಅನ್ನೋರು ಹತ್ತಿರದ ಪಶು ವೈದ್ಯಾಧಿಕಾರಿಯನ್ನು ಅಥವಾ ಹಾಲು ಒಕ್ಕೂಟದ ವಿಸ್ತರಣಾಧಿಕಾರಿಯನ್ನು ಕೇಳಬಹುದು. ಹೋಗುವಾಗ ಹಸುವಿನ ಅಂದಾಜು ತೂಕ, ಕರು ಹಾಕಿದ ದಿನ, ದಿನಕ್ಕೆ ಕೊಡೋ ಹುಲ್ಲು, ಹಿಂಡಿ, ಫೀಡ್‌ನ ಅಳತೆ ಮತ್ತು ಕಳೆದ ಒಂದು ತಿಂಗಳ ಡೈರಿ ಪುಸ್ತಕ ತೆಗೆದುಕೊಂಡು ಹೋದರೆ ಸಲಹೆ ಕರಾರುವಾಕ್ಕಾಗಿ ಸಿಗುತ್ತೆ.